ಇಳಿಕೆಯ ಗೆರೆ

ಪ್ರಯೋಗಾಲಯದಲ್ಲಿ ಬೆಳಕಿಗೆ ಕುಣಿಯುವ, ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ತಂತಿ ಹರಿದು ಮೂರು ದಿನವಾಗಿತ್ತು. ಸಂಶೋಧನೆಯ ಹುಡುಗಿ ಉಗ್ರಾಣದ ಬಾಗಿಲಿಗೆ ಬಂದು ನಿಂತಳು.

"ಅಮ್ಮ, ನಾಳೆ ನನ್ನ ತೆಗೆದುಹಾಕ್ತಾರೆ. ಬೆಳಕು ಜಾಸ್ತಿ ಬಿಟ್ಟು ತಂತಿ ಹರಿದವಳು ನಾನೇ ಅಂತೆ. ನಾನು ಕೂತಾಗಲೇ ಅದು ಮಿಸುಕ್ತಿರಲಿಲ್ಲ."

ಉಗ್ರಾಣದಮ್ಮ ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟು, ಮಸೂರದ ತಾತನನ್ನು ಕರೆತಂದಳು. ನಲವತ್ತು ವರ್ಷ ಮಸೂರ ಉಜ್ಜಿ, ನಿವೃತ್ತರಾದರೂ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲೇ ಉಳಿದವರು ಅವರು. ಅವರು ಬಿಡಿಸಿದ ಒಗಟುಗಳಿಗೆಲ್ಲ ಉಗ್ರಾಣದಮ್ಮನೇ ಸಾಕ್ಷಿ.

"ನಿನಗಿಂತ ಮುಂಚೆ ತಂತಿ ಹತ್ರ ಯಾರಿದ್ರು?" ಎಂದರು ತಾತ.

"ಅಣ್ಣ." ಹಿರಿಯ ಸಂಶೋಧಕನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. "ತಂತಿ ಚೆನ್ನಾಗಿತ್ತು ಅಂತ ಗೆರೆ ಅಂಟಿಸಿ ಹೋಗಿದ್ದಾರೆ."

ಕೆಲಸ ಮುಗಿಸಿದವರು ತಂತಿಯ ಮೇಲಿನ ಬೆಳಕನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ, ಅದರ ಕುಣಿತದ ಗೆರೆಗಳನ್ನು ಪುಸ್ತಕಕ್ಕೆ ಅಂಟಿಸಬೇಕು. ತಾತ ಅಣ್ಣನ ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರು. ಎರಡೂ ಗೆರೆ ನಲವತ್ತರ ಗುರುತಿನಲ್ಲೇ ಜಿಗಿದಿದ್ದವು.

"ಎಷ್ಟು ಅಚ್ಚುಕಟ್ಟಾಗಿದೆ," ಎಂದಳು ಉಗ್ರಾಣದಮ್ಮ.

"ಅದೇ ತೊಂದರೆ. ಮಗಳೇ, ಹಳೇ ಪುಟಗಳಲ್ಲಿ ಇಳಿಕೆಯ ಗೆರೆ ತೆಗೆದವರು ಯಾರು?"

"ನಾನೇ. ಅಣ್ಣನಿಗೆ ಅದು ಬೇಜಾರಂತೆ. ಮೂರು ವರ್ಷದಿಂದ ಅವರ ಪಾಲಿಂದೂ ನಾನೇ ತೆಗೀತೀನಿ."

ಮರುದಿನ ಬೆಳಿಗ್ಗೆ ಮಾರ್ಗದರ್ಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ತಾತ ಪುಸ್ತಕ ಬಿಚ್ಚಿದರು.

"ಬೆಳಕು ಕಡಿಮೆ ಇದ್ದಾಗ ಈ ತಂತಿ ಹೇಳಿದ ಮಾತು ಕೇಳುತ್ತೆ. ನಲವತ್ತಕ್ಕೆ ಏರಿಸಿದ್ರೆ ಒಮ್ಮೆಗೇ ಹುಚ್ಚೆದ್ದು ಕುಣಿಯುತ್ತೆ. ಆಮೇಲೆ ನಲವತ್ತಕ್ಕೆ ಇಳಿಸಿದ್ರೂ ಹಟ ಬಿಡಲ್ಲ, ಇಪ್ಪತ್ತೆಂಟಕ್ಕೆ ಬಂದ ಮೇಲೇ ಸುಮ್ಮನಾಗೋದು. ಈ ಹುಡುಗಿಯ ಪುಟಗಳೆಲ್ಲ ಹಾಗೇ ಇವೆ. ಅಣ್ಣಂದು ಮಾತ್ರ ಇಳಿಯುವಾಗಲೂ ನಲವತ್ತಕ್ಕೇ ಬಿದ್ದಿದೆ. ಯಾಕೆ? ಏರಿಸುತ್ತಾ ಹೋದ, ತಂತಿ ಹರೀತು. ಇಳಿಸೋಕೆ ತಂತಿಯೇ ಇರಲಿಲ್ಲ. ಏರಿಕೆಯ ಗೆರೆಯನ್ನೇ ನಕಲು ಮಾಡಿ ಅಂಟಿಸಿ, ಈ ಮಗುವನ್ನ ಕೂರಿಸಿ ಎದ್ದುಹೋದ. ಇಳಿಕೆಯ ಗೆರೆ ಬೇರೆ ಅಂತ ಓದಿರ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಕೈಗೆ ರೂಢಿ ಇಲ್ಲದ್ದು ಅವಸರಕ್ಕೆ ನೆನಪಾಗಲ್ಲ."

ಅಣ್ಣ ನೆಲ ನೋಡಿದ. "ಮುಂದಿನ ತಿಂಗಳು ನನ್ನ ನೇಮಕ ಇತ್ತು, ಸರ್."

ಮಾರ್ಗದರ್ಶಕರು ಪುಸ್ತಕ ಮುಚ್ಚಿದರು. "ಇದು ಈ ಕೋಣೆ ದಾಟೋದು ಬೇಡ. ನಿನ್ನ ಜಾಗ ನಿನಗೇ ಇದೆಯಮ್ಮ."

"ಆ ನಕಲಿನ ಕೆಳಗೆ ನಿಮ್ಮ ಸಹಿ ಇದೆ, ಸರ್," ಎಂದಳು ಹುಡುಗಿ. "ನೀವು ನೋಡಲೇ ಇಲ್ಲ."

ಮಾರ್ಗದರ್ಶಕರು ಪುಸ್ತಕವನ್ನು ಕಪಾಟಿಗಿಟ್ಟು ಬೀಗ ಹಾಕಿದರು.

ಅಣ್ಣನಿಗೆ ನೇಮಕವಾಯಿತು. ಹುಡುಗಿಯ ಜಾಗವೂ ಉಳಿಯಿತು, ಆದರೆ ಊಟದ ಮೇಜಿನಲ್ಲಿ ಅವಳ ಪಕ್ಕ ಕೂರುವವರು ಇಲ್ಲವಾದರು. ಒಂದು ವಾರ ನೋಡಿ, ಉಗ್ರಾಣದಮ್ಮ ತನ್ನ ಡಬ್ಬಿ ಎತ್ತಿಕೊಂಡು ಹೋಗಿ ಅಲ್ಲಿ ಕೂತಳು.