ನಿಬ್ಬು ಒರೆಸಿದ ಕೂದಲು

“ಆ ಗೂಡಲ್ಲಿರೋ ಸೀಸೆ ಮಾತ್ರ ಮುಟ್ಬ್ಯಾಡಿ ಮೇಷ್ಟ್ರೇ,” ಎಂದಳು ಸಿದ್ದಗಂಗಮ್ಮ, ಬಾಡಿಗೆ ಮನೆಯ ಬೀಗದ ಕೈ ಕೊಡುತ್ತಾ. “ನಮ್ಮೆಜಮಾನ್ರು ಕರಿಬಸವಯ್ಯ ಕಾಯಿಸಿಟ್ಟ ಶಾಯಿ ಅದು. ಅದ್ರಲ್ಲಿ ಒಬ್ರ ಹೆಸ್ರು ಬರ್ದು, ಆ ನಿಬ್ಬನ್ನ ಇನ್ನೊಬ್ರ ಕೂದಲಿಗೆ ಸೋಕಿಸಿದ್ರೆ ಮುಗೀತು. ಹೆಸ್ರಿನೋರ ಕಾಯಿಲೆ ಕೂದಲಿನೋರಿಗೆ ಹೋಯ್ತದೆ. ಕೂದಲಿನೋರ ಆಯಸ್ಸು ಹೆಸ್ರಿನೋರಿಗೆ ಬತ್ತದೆ.”

ಅನಂತರಾಮು ನಕ್ಕ. ನಗುವಿನ ಹಿಂದೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಉಬ್ಬಸ. ಎದೆಯೊಳಗಿನ ಸಿಳ್ಳೆ ತಗ್ಗುವವರೆಗೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಆಮೇಲೆ ಉಳಿದ ನಗುವನ್ನು ನಕ್ಕು ಮುಗಿಸಿದ.

“ಹಾಗಾದ್ರೆ ಆಸ್ಪತ್ರೆಗಳನ್ನೆಲ್ಲ ಮುಚ್ಚಿಸಿಬಿಡೋಣ ಬಿಡಿಮ್ಮ. ಡಾಕ್ಟ್ರಿಗೆಲ್ಲ ಒಂದೊಂದು ಪೆನ್ನು ಕೊಟ್ರಾಯ್ತು.”

“ನಗಬ್ಯಾಡಿ. ನಕ್ಕೋರು ಇದೇ ಜಗಲಿ ಮೇಲೆ ಬಿದ್ದು ಹೊರಳಾಡಿ ಅತ್ತವ್ರೆ.”

“ಅಷ್ಟು ಭಯ ಇದ್ರೆ ಚೆಲ್ಲಿಬಿಡಬಹುದಿತ್ತಲ್ಲ?”

“ಎಲ್ಲಿ ಚೆಲ್ಲಲಿ? ನೆಲಕ್ಕೆ ಚೆಲ್ಲಿದ್ರೆ ಬಾವಿಗೆ ಇಳೀತದೆ.” ಮುದುಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಆ ಸೆರಗು ಅವಳ ತಲೆಯಿಂದ ಜಾರಿದ್ದನ್ನು ಜರಗನಹಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ.

ಅನಂತರಾಮು ಜಯನಗರದ ಹೈಸ್ಕೂಲಿನಲ್ಲಿ ಮೇಷ್ಟರು. ಬಸವನಗುಡಿಯ ವಠಾರದ ಒಲೆ ಹೊಗೆ, ಶಾಲೆಯ ಸೀಮೆಸುಣ್ಣದ ಧೂಳು ಎರಡೂ ಸೇರಿ ಅವನ ಎದೆಯನ್ನು ಹಾಳುಮಾಡಿದ್ದವು. ರಾತ್ರಿ ಗೋಡೆಗೊರಗಿ ಕೂತೇ ನಿದ್ದೆ. ಊರಾಚೆ ಹೊಲಗಳ ಗಾಳಿಯಾದರೂ ಸಿಗಲಿ ಎಂದು ಹೆಂಡತಿ ಚೂಡಾಮಣಿ ಹಟ ಹಿಡಿದು, ಕನಕಪುರ ರಸ್ತೆ ಬಸ್ಸು ನಿಲ್ಲುವ ಈ ಹಳ್ಳಿಗೆ ಅವನನ್ನು ಕರೆತಂದಿದ್ದಳು. ಜೊತೆಗೆ ಮಗಳು ಅಲಮೇಲು. ಏಳು ವರ್ಷದ ಹುಡುಗಿ. ತಲೆ ತುಂಬ ಗುಂಗುರು ಕೂದಲು, ಬಾಯಿ ತುಂಬ ಮಾತು. ಆ ಮಗಳೆಂದರೆ ಅನಂತರಾಮುವಿಗೆ ಪ್ರಾಣ. ಹಾಗೆಂದು ಅವನೇ ಬಂದವರಿಗೆಲ್ಲ ಹೇಳುತ್ತಿದ್ದ.

ಅವನಿಗಿದ್ದ ಒಂದೇ ಶೋಕಿ ಶಾಯಿಯದು. ಅಂಗಡಿಯ ಶಾಯಿ ಅವನಿಗೆ ನೀರು ನೀರು. ಶಾಯಿ ಮಾತ್ರೆ ತಂದು ಬಿಸಿನೀರಿನಲ್ಲಿ ಕದಡಿ ನೋಡಿದ್ದ. ಅದೂ ಪಂಚೆಗೆ ಹಾಕುವ ನೀಲಿಯಂತೆ ಪೇಲವ. ಅಂಥವನ ಮನೆಯ ಗೂಡಿನಲ್ಲಿ ಅರಗು ಮೆತ್ತಿದ ಒಂದು ಸೀಸೆ ಶಾಯಿ ಇದ್ದರೆ ಅದು ಎಷ್ಟು ದಿನ ಇದ್ದೀತು? ಬೇಡ ಎಂದ ಕಡೆಗೇ ಮನಸ್ಸು ಓಡುತ್ತದೆ. ಒಂದು ಭಾನುವಾರ ಬೆಳಿಗ್ಗೆ, ಚೂಡಾಮಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಅವನು ಅರಗು ಕೆರೆದು ಬಿರಡೆ ಎಳೆದ.

ಮೊದಲು ಬಂದದ್ದು ವಾಸನೆ. ಮೈಲುತುತ್ತದ ಕಟು, ಅದರ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಹಿತ್ತಲಿನ ಬಟ್ಟೆ ಕುಕ್ಕುವ ಸದ್ದು ಯಾಕೋ ದೂರ ಹೋದಂತಾಯಿತು. ಆದರೆ ಬಣ್ಣ! ಕಾಗದದ ಮೇಲೆ ಬಿದ್ದ ಒಂದು ತೊಟ್ಟು ಹರಡಲಿಲ್ಲ, ಹೀರಿಕೊಳ್ಳಲಿಲ್ಲ, ಕಣ್ಣಿನ ಹಾಗೆ ಉಬ್ಬಿ ನಿಂತಿತು. ಇಂಥ ನೀಲಿಯನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಹೊಸ ಶಾಯಿ ಸಿಕ್ಕಿದಾಗ ಜನ ಏನು ಬರೆಯುತ್ತಾರೆ? ಮೇಲೊಂದು ಶ್ರೀ, ಕೆಳಗೆ ತಮ್ಮದೇ ಹೆಸರು. ಪ್ರಪಂಚದಲ್ಲಿ ಅದಕ್ಕಿಂತ ಚೆಂದದ ಹೆಸರು ಯಾರಿಗೂ ಹೊಳೆಯುವುದಿಲ್ಲ. ಅನಂತರಾಮುವೂ ಪೆನ್ನು ತುಂಬಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಶ್ರೀ ಹಾಕಿ, ದುಂಡಗೆ ‘ಅನಂತರಾಮು’ ಎಂದು ಬರೆದ. ನಿಬ್ಬಿನ ತುದಿಯಲ್ಲಿ ಶಾಯಿ ತೊಟ್ಟಾಗಿ ತೂಗಿತು.

ಹೆಚ್ಚಾದ ಶಾಯಿಯನ್ನು ತಲೆಗೂದಲಿಗೆ ಒರೆಸುವುದು ಮೇಷ್ಟರುಗಳ ಹಳೆಯ ಚಾಳಿ. ಶಾಲೆಯಲ್ಲಾದರೆ ತನ್ನ ತಲೆಗೆ, ಮನೆಯಲ್ಲಾದರೆ ಅಲಮೇಲುವಿನ ತಲೆಗೆ. ಅದು ಅಪ್ಪ ಮಗಳ ಆಟವೂ ಆಗಿತ್ತು. “ಅಪ್ಪಾ, ನನ್ ತಲೆಗೆ,” ಎಂದು ಅವಳು ಎಂದಿನಂತೆ ತಲೆ ಬಾಗಿಸಿದಳು. ಅವನು ಎಂದಿನಂತೆ ಒರೆಸಿದ. ಕಿವಿ ಕೇಳಿಸಿಕೊಂಡದ್ದು ಕೈಗೆ ಗೊತ್ತಾಗುವುದಿಲ್ಲ, ಪಾಪ. ಒರೆಸಿದ ಮೇಲೆ ಮುದುಕಿಯ ಮಾತು ನೆನಪಾಯಿತು. ಮಗಳ ಮುಖ ನೋಡಿದ. ಅವಳು ನಗುತ್ತಿದ್ದಳು. ಅವನೂ ನಕ್ಕ. ಈ ಸಲ ಕೆಮ್ಮು ಬರಲಿಲ್ಲ.

ಮಾರನೆಯ ದಿನ ಎದ್ದಾಗ ಅವನು ಚಾಪೆಯ ಮೇಲೆ ಉದ್ದಕ್ಕೆ ಮಲಗಿದ್ದ. ಎದೆಯಲ್ಲಿ ಸಿಳ್ಳೆ ಇರಲಿಲ್ಲ. ಉಸಿರು ಎಳೆದ, ಹೊಟ್ಟೆಯ ಬುಡದವರೆಗೆ ಹೋಯಿತು. ಬಿಟ್ಟ, ಸಲೀಸಾಗಿ ಬಂತು. ಸುಖಕ್ಕೆ ಕಣ್ಣಲ್ಲಿ ನೀರು ಬಂತು. ಹೊಲದ ಗಾಳಿಯ ಗುಣ ಎಂದುಕೊಂಡು ಇನ್ನೊಮ್ಮೆ ಎಳೆದ. ಆಗ ಕೇಳಿಸಿತು, ಅದೇ ಸಿಳ್ಳೆ. ಸಣ್ಣಗೆ, ಪಕ್ಕದ ಚಾಪೆಯಿಂದ.

“ತಂದೆಗೆ ಉಬ್ಬಸ ಇದೆಯಾ?” ಎಂದು ಕೇಳಿದರು ಡಾಕ್ಟರು. ಇತ್ತು ಎಂದಳು ಚೂಡಾಮಣಿ. “ಮತ್ತೆ ಇನ್ನೇನು? ಅಪ್ಪನದೇ ಬಂದಿದೆ ಮಗೂಗೆ.”

ಮಾತ್ರೆ ಕೆಲಸ ಮಾಡಲಿಲ್ಲ, ಆಡುಸೋಗೆ ಕಷಾಯವೂ ಮಾಡಲಿಲ್ಲ. ಗುಬ್ಬಿಯಂಥ ಹುಡುಗಿ ಗೋಡೆಗೊರಗಿ ಕೂತು, ಬಾಯಿ ತೆರೆದು ಗಾಳಿಗೆ ಒದ್ದಾಡಿದಳು. ಅಪ್ಪ ಬಸ್ಸಿನ ಹಿಂದೆ ಓಡಿ ಹತ್ತುವಷ್ಟು ಗಟ್ಟಿಯಾದ. ಒಂದು ಮಧ್ಯಾಹ್ನ ಚೂಡಾಮಣಿ ಮಗಳ ತಲೆ ಬಾಚುತ್ತಿದ್ದವಳು ಕಿಟಾರನೆ ಕಿರುಚಿದಳು. ಬಾಚಣಿಗೆಯ ತುಂಬ ಬಿಳಿಯ ಕೂದಲು. ನಿಬ್ಬು ಒರೆಸಿದ ಜಾಗದಿಂದ ನರೆ ಸುತ್ತಲೂ ಹಬ್ಬಿತ್ತು. ಅನಂತರಾಮು ಕನ್ನಡಿಗೆ ಓಡಿದ. ಅವನ ಕಿವಿಯ ಮೇಲಿದ್ದ ನರೆ ಮಾಯವಾಗಿ ತಲೆ ಕಪ್ಪಗೆ ಮಿರುಗುತ್ತಿತ್ತು.

ಅವನು ಶಾಯಿಯ ಕಥೆ ಹೇಳಿದ. ಚೂಡಾಮಣಿ ಕೇಳಿದಳು. ಅಳಲಿಲ್ಲ.

“ಈಗ್ಲೇ ತೆಗೀರಿ ಆ ಶಾಯಿ. ಮಗು ಹೆಸರು ಬರೀರಿ. ನಿಬ್ಬು ನಿಮ್ಮ ತಲೆಗೆ ಒರೆಸ್ಕೊಳ್ಳಿ. ನಿಮ್ಮದು ನಿಮಗೇ ಬರ್ಲಿ.”

“ಹೌದು,” ಎಂದ ಅವನು. “ಹೌದು. ಸಂಜೆ ಆಗ್ಲಿ.”

ಸಂಜೆಯೊಳಗೆ ಅವನಿಗೆ ಬೇರೆ ದಾರಿ ಹೊಳೆದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ; ಕೆಲವರಿಗೆ ಬರುವುದು ಇನ್ನಷ್ಟು ಕೆಟ್ಟ ಬುದ್ಧಿ. ತನ್ನದೇ ತಲೆ ಯಾಕೆ? ಸಿದ್ದಗಂಗಮ್ಮ ಇದ್ದಾಳಲ್ಲ. ಹಣ್ಣಾದ ಜೀವ. ಹಿಂದಿಲ್ಲ ಮುಂದಿಲ್ಲ. ಮಗುವನ್ನು ನೋಡಿ ಹೋಗಿ ಎಂದು ಅವನೇ ಹೋಗಿ ಕರೆತಂದ.

ಅವಳು ಬರುವ ಹೊತ್ತಿಗೆ ಮೋಡ ಕವಿದು ಕರೆಂಟು ಹೋಗಿತ್ತು. ಚೂಡಾಮಣಿ ಬುಡ್ಡಿ ಹಚ್ಚಿಟ್ಟಿದ್ದಳು. ಕೋಣೆಯಲ್ಲಿ ಸೀಮೆಎಣ್ಣೆಯ ಹೊಗೆ, ಮೈಲುತುತ್ತದ ಕಟು, ಮಗುವಿನ ಸಿಳ್ಳೆ. ಸಿದ್ದಗಂಗಮ್ಮ ಅಲಮೇಲುವಿನ ಹಾಸಿಗೆಯ ಬಳಿ ಬಗ್ಗಿ ಕೂತಳು. ಅವಳ ಬೆನ್ನ ಹಿಂದೆ ಅನಂತರಾಮು ಕಾಗದ ಹರಡಿದ. ‘ಅಲಮೇಲು’ ಎಂದು ಬರೆದ. ನೀಲಿ ಅಕ್ಷರಗಳು ಉಬ್ಬಿ ಹೊಳೆದವು. ಎಡಗೈಯಿಂದ ಮುದುಕಿಯ ಸೆರಗು ಹಿಡಿದು ಎಳೆದ. ಬಲಗೈಯ ಪೆನ್ನನ್ನು ಅವಳ ತಲೆಗೆ ಒತ್ತಿದ.

ಕೂದಲಿರಲಿಲ್ಲ.

ಬೋಳು ತಲೆ. ನುಣ್ಣಗೆ ಬೋಳಿಸಿದ ತಲೆ. ಚರ್ಮದ ಮೇಲೆ ನಿಬ್ಬು ಜಾರಿ ನೀಲಿ ಗೆರೆಯೊಂದು ಎದ್ದಿತು.

ಸಿದ್ದಗಂಗಮ್ಮ ಮೆಲ್ಲಗೆ ತಿರುಗಿದಳು. “ಆ ಗಂಡನ ಜೊತೆ ಬಾಳಿದೋಳು ನಾನು. ಕೂದಲು ಬಿಟ್ಕೊಂಡಿದ್ರೆ ಇಷ್ಟೊತ್ತಿಗೆ ನಾನು ಬದುಕಿರ್ತಿದ್ನಾ?” ಆಗ ಕಾಗದ ಕಂಡಳು. “ಅಯ್ಯೋ, ಕೂಸಿನ ಹೆಸ್ರು ಬರ್ದುಬಿಟ್ರಾ! ಅಕ್ಷರ ಆರೋದ್ರೊಳಗೆ ಕೂದಲು ಸೋಕ್ಲೇಬೇಕು. ಇಲ್ದಿದ್ರೆ ಹೆಸ್ರಿನೋರೇ ಹೋಯ್ತಾರೆ. ಒರೆಸ್ಕೊಳ್ಳಿ ಮೇಷ್ಟ್ರೇ! ನಿಮ್ಮ ತಲೆಗೇ ಒರೆಸ್ಕೊಳ್ಳಿ!”

ಸಿಳ್ಳೆ ನಿಂತಿತು. ಅಲಮೇಲುವಿನ ಬಾಯಿ ತೆರೆದೇ ಇತ್ತು. ತುಟಿ ನೀಲಿ. ಉಗುರು ನೀಲಿ. ಕಾಗದದ ಮೇಲೆ ‘ಅ’ ಆರಿತು.

ಅನಂತರಾಮು ಪೆನ್ನು ಹಿಡಿದು ನಿಂತಿದ್ದ. ತನ್ನ ತಲೆ ಒಂದು ಮೊಳ ದೂರ. ಅಷ್ಟೇ. ವರ್ಷಗಟ್ಟಲೆ ಯಾರೂ ಹೇಳದೆ ತಲೆಗೆ ಹೋಗುತ್ತಿದ್ದ ಕೈ. ಇವತ್ತು ಏಳಲಿಲ್ಲ. ಗೋಡೆಗೊರಗಿ ಕೂತ ರಾತ್ರಿಗಳು ನೆನಪಾದವು. ಗಾಳಿ ಸಿಗದ ಬಾಯಿ ನೆನಪಾಯಿತು. ‘ಲ’ ಆರಿತು. ಕೈ ಏಳಲಿಲ್ಲ. ‘ಮೇ’ ಆರಿತು. “ರೀ!” ಎಂದಳು ಚೂಡಾಮಣಿ. ಅವನು ಅವಳ ಮುಖ ನೋಡಲಿಲ್ಲ. ಉಸಿರು ಎಳೆದ. ಹೊಟ್ಟೆಯ ಬುಡದವರೆಗೆ ಹೋಯಿತು.

ಚೂಡಾಮಣಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಜಡೆಯ ಬುಡಕ್ಕೆ ನಿಬ್ಬು ಒತ್ತಿ, ಗಟ್ಟಿಯಾಗಿ ಒರೆಸಿಕೊಂಡಳು. ‘ಲು’ ಇನ್ನೂ ಒದ್ದೆಯಾಗಿತ್ತು.

ಅಲಮೇಲು ಹಾ ಎಂದು ಗಾಳಿ ಎಳೆದುಕೊಂಡಳು. ಅಳು ಬಂತು ಅವಳಿಗೆ, ಒಳ್ಳೆಯ ಗಟ್ಟಿ ಅಳು. ಅದರ ಹಿಂದೆಯೇ, ಇನ್ನೊಂದು ಮೂಲೆಯಿಂದ, ಸಿಳ್ಳೆ ಶುರುವಾಯಿತು.

ಚೂಡಾಮಣಿ ದೀಪಾವಳಿಯವರೆಗೆ ಬದುಕಿದಳು. ಗಂಡನ ಕಾಯಿಲೆಯನ್ನು ಮಗಳಿಂದ ತೆಗೆದುಕೊಂಡು, ಮೂರು ಜನರ ಪಾಲಿನ ಮುಪ್ಪನ್ನು ಒಬ್ಬಳೇ ಹೊತ್ತು ಮುದುಡಿ ಸತ್ತಳು. ಅಷ್ಟು ದಿನವೂ ಗಂಡನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸಿದ್ದಗಂಗಮ್ಮ ಸೀಸೆಗೆ ಮತ್ತೆ ಅರಗು ಮೆತ್ತಿ ತನ್ನ ಮನೆಗೆ ಒಯ್ದಳು.

ವೈಕುಂಠ ಸಮಾರಾಧನೆ ಕಳೆದು ಶಾಲೆಗೆ ಹೋದ ಮೊದಲ ದಿನ, “ದುಃಖದಲ್ಲೂ ಎಷ್ಟು ಆರೋಗ್ಯವಾಗಿ ಕಾಣ್ತೀರಿ ಸಾರ್,” ಎಂದರು ಜೊತೆಯವರು. ಸಂಜೆ ಅವನು ಬಸ್ಸಿಳಿದು, ಮಕ್ಕಳ ಪರೀಕ್ಷೆಯ ಕಾಗದದ ಕಟ್ಟು ಹಿಡಿದು, ಒಂದೇ ಉಸಿರಿನಲ್ಲಿ ದಿಬ್ಬ ಹತ್ತಿ ಮನೆಗೆ ಬಂದ. ಜಗಲಿಯ ಮೇಲೆ ಅಲಮೇಲು ಕೂತಿದ್ದಳು. ಗುಂಗುರು ಕೂದಲು ಒಂದೂ ಇರಲಿಲ್ಲ. ನುಣ್ಣಗೆ ಬೋಳಿಸಿದ ತಲೆಗೆ ಮುದುಕಿಯ ಹಳೆಯ ಸೀರೆಯ ತುಂಡು ಹೊದ್ದಿದ್ದಳು. ಪಕ್ಕದಲ್ಲಿ ಸಿದ್ದಗಂಗಮ್ಮ.

“ಇದ್ಯಾಕಮ್ಮಾ ಹೀಗೆ?” ಎಂದ ಅನಂತರಾಮು, ಮಗಳ ತಲೆಯತ್ತ ಕೈ ಚಾಚಿ.

ಅಲಮೇಲು ಹಿಂದಕ್ಕೆ ಸರಿದಳು. ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡಳು.

“ನೀನು ಬರೆಯೋಕೆ ಕೂತ್ಕೊಳ್ಳೋ ಹೊತ್ತಾಯ್ತಲ್ಲಪ್ಪಾ,” ಎಂದಳು.