ಚಾಂದನಿಯ ಮೈಬಣ್ಣ

"ಅದಕ್ಕೊಂದಕ್ಕ ಬಣ್ಣ ಹಚ್ಚಬ್ಯಾಡ ತಂಗಿ. ಯಾವ ಕುದರಿ ಬಣ್ಣ ಹಚ್ಚತಿ, ಆ ಕುದರಿ ಕಟ್ಟಿಗಿ ಆಕ್ಕೈತಿ."

ಕೆಂಪವ್ವ ಹೊಸ್ತಿಲ ಹೊರಗೇ ನಿಂತು ಹೇಳಿದಳು, ಒಳಗೆ ಕಾಲಿಡಲಿಲ್ಲ. ಗೋಕಾಕದಲ್ಲಿ ಅವಳ ಮನೆಯವರು ಬೊಂಬೆ ಮಾಡುತ್ತಿದ್ದ ಹಳೆಯ ಮನೆಯನ್ನು ನಾಗರತ್ನಾ ಬಾಡಿಗೆಗೆ ಹಿಡಿದು ಇನ್ನೂ ತಿಂಗಳಾಗಿರಲಿಲ್ಲ. ಅಟ್ಟದ ಮೇಲೆ ಕರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮರದ ಕುದುರೆ ಈಗ ಅವಳ ಮೇಜಿನ ಮೇಲಿತ್ತು. ಹೊಟ್ಟೆಯಡಿ ತುಕ್ಕು ಹಿಡಿದ ಮೊಳೆಗಳು. ಆದರೆ ಎಂಥ ಕೆತ್ತನೆ! ಕಾಲಿನ ನರಗಳೂ ಬೆರಳಿಗೆ ಸಿಗುತ್ತಿದ್ದವು.

"ಹಗಿ ಮಂದಿ ಕುದರಿಗೆ ಮಾಟ ಮಾಡಾಕಂತ ನಮ್ಮ ಮಾವ ಕೆತ್ತಿದ್ದು. ಬಣ್ಣ ಹಚ್ಚೂದರೊಳಗ ತಾನ ಸತ್ತ."

"ಹಂಗಾರ ಮಾಟಾನೂ ಸತ್ತಂಗಾತಲ್ರಿ ಆಯಿ" ಎಂದು ಧಾರವಾಡದಿಂದ ಬಂದಿದ್ದ ನಾಗರತ್ನಾ ನಕ್ಕಳು.

ಬೊಂಬೆ ಕುದುರೆಗಳಿಗೆ ಜೀವಂತ ಕುದುರೆಯ ಮೈಬಣ್ಣ ಬರೆಯುವುದೇ ಅವಳ ಕಸುಬು. ಇದಕ್ಕೆ ಸಂಕೇಶ್ವರದ ಖಲೀಲನ ಚಾಂದನಿಯನ್ನು ಆರಿಸಿಕೊಂಡಳು. ಮೆರವಣಿಗೆಯಲ್ಲಿ ಮದುಮಗನನ್ನು ಹೊರುವ ಹೆಣ್ಣುಕುದುರೆ. ಬೂದು ಮೈಮೇಲೆ ಹನಿ ಸಿಡಿದಂತೆ ಬಿಳಿ ಮಚ್ಚೆಗಳು. ಫೋಟೋ ತೆಗೆಯಲು ಹೋದಾಗ ಅವಳ ಅಂಗೈಯಿಂದಲೇ ಬೆಲ್ಲ ತಿಂದಿತ್ತು. ಸ್ಪಂಜಿನಿಂದ ಬೂದು ತಟ್ಟಿ, ಎಳೆಯಂಥ ಕುಂಚದಿಂದ ಒಂದೊಂದೇ ಮಚ್ಚೆ ಬಿಡಿಸಿದಳು. ಬಾಯಾರಿದವರಂತೆ ಮರ ಬಣ್ಣ ಹೀರಿತು. ಕಣ್ಣು ಬರೆಯುವುದಷ್ಟೇ ಉಳಿದಿದ್ದಾಗ ಫೋನು ಬಂತು.

"ಅಕ್ಕಾರ, ಚಾಂದನಿ ನಿಂತಲ್ಲೇ ಸೆಟದ ನಿಂತೈತ್ರಿ." ಖಲೀಲನ ದನಿ. "ಡಾಕ್ಟರಗೂ ತಿಳೀವಲ್ದು. ಮೈಯೆಲ್ಲಾ ಬಣ್ಣದ ವಾಸನಿ ಬರಾಕತ್ತೈತಿ. ನೀವೇನರ ಹಚ್ಚಿದ್ರೇನ್ರಿ?"

ಬಣ್ಣ, ಬ್ಲೇಡುಗಳನ್ನು ಚೀಲಕ್ಕೆ ಹಾಕಿ, ಬೊಂಬೆಯನ್ನು ಎತ್ತಿಕೊಂಡು ಅವಳು ಸಂಕೇಶ್ವರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತೊಡೆಯ ಮೇಲೆ ಮರ ಬೆಚ್ಚಗಿತ್ತು, ಜ್ವರ ಬಂದ ಮೈಯಂತೆ.

ಹಿತ್ತಲಲ್ಲಿ ಉರಿಬಿಸಿಲು. ಹಸಿ ಮೇವಿನ ವಾಸನೆಯ ಮೇಲೆ ಬಣ್ಣದ ಘಾಟು. ಖಲೀಲ ಚಾಂದನಿಯ ಪಕ್ಕೆಗೆ ಬೆರಳಿನಿಂದ ಬಡಿದ. ಟಕ್, ಟಕ್. ಮರದ ಸದ್ದು. ಅವಳು ಬೊಂಬೆಗಿನ್ನೂ ಬರೆಯದ ಕಣ್ಣುಗಳು ಮಾತ್ರ ಹೊರಳುತ್ತಿದ್ದವು.

ನಾಗರತ್ನಾ ಎಲ್ಲವನ್ನೂ ಹೇಳಿದಳು. ಬಣ್ಣ ತೆಗೆದರೆ ಮಾಟ ಬಿಟ್ಟೀತೆಂದು ಬೊಂಬೆಯ ಕುತ್ತಿಗೆಗೆ ಬ್ಲೇಡು ಹಚ್ಚಿದಳು. ಒಂದು ಮಚ್ಚೆ ಎದ್ದು ಬಂತು. ಚಾಂದನಿಯ ಕುತ್ತಿಗೆಯಲ್ಲಿ ಅಷ್ಟೇ ಅಗಲದ ಚರ್ಮ ಸುಲಿಯಿತು. ರಕ್ತ ಸುರಿಯಿತು. ಗಾಬರಿಯಿಂದ ಬೊಂಬೆಯ ಆ ಜಾಗಕ್ಕೆ ಮತ್ತೆ ಬಣ್ಣ ಮೆತ್ತಿದಳು. ಹಿಡಿಯಲಿಲ್ಲ. ಮೆತ್ತಿದಳು. ಜಾರಿ ಹೋಯಿತು.

ಸಂಜೆಯಾದರೂ ಚಾಂದನಿಯ ಗಂಟಲಲ್ಲಿ ಒಂದು ಗುಟುಕು ನೀರು ಇಳಿಯಲಿಲ್ಲ. ಖಲೀಲ ಗೋಡೆಯತ್ತ ಮುಖ ತಿರುಗಿಸಿದ.

"ಸುಟ್ಟ ಬಿಡ್ರಿ ಆ ಬೊಂಬಿನ. ಹಿಂಗ ನರಳೂದಕ್ಕಿಂತ ಸಾಯೂದ ಚಲೋ."

ಹಿತ್ತಲ ಮೂಲೆಯಲ್ಲಿ ನೀರೊಲೆ ಧಗಧಗಿಸುತ್ತಿತ್ತು. ಅವಳು ಕಣ್ಣು ಮುಚ್ಚಿ ಬೊಂಬೆಯನ್ನು ಒಳಗೆ ತುರುಕಿದಳು. ಬಣ್ಣ ಬೊಕ್ಕೆಯೆದ್ದಿತು. ಕೂದಲು ಸುಟ್ಟ ನಾತ. ಹಿಂದೆ ಚಟಪಟ ಸದ್ದು. ಕೂಗಿಲ್ಲ. ಕೆನೆತವಿಲ್ಲ. ಬರೀ ಚಟಪಟ. ತಿರುಗಲು ಧೈರ್ಯವಾಗಲಿಲ್ಲ. ತಿರುಗಿದಳು.

ಚಾಂದನಿ ಬಿದ್ದಿರಲಿಲ್ಲ. ಗೊರಸಿನಿಂದ ಕಿವಿಯವರೆಗೆ ಇದ್ದಿಲಾಗಿ ನಿಂತೇ ಇತ್ತು. ಆ ಕಪ್ಪಿನೊಳಗಿಂದ ಎರಡು ಒದ್ದೆ ಕಣ್ಣುಗಳು ನಿಧಾನ ಹೊರಳಿ ಅವಳನ್ನೇ ನೋಡಿದವು.

"ಈಗ ಏನ ಮಾಡೂಣ್ರಿ ಅಕ್ಕಾರ?" ಎಂದ ಖಲೀಲ.

ಬೊಂಬೆಯ ಒಂದು ಚೂರಾದರೂ ಉಳಿದಿದೆಯೇ ಎಂದು ನಾಗರತ್ನಾ ಬರಿಗೈಯಿಂದ ಒಲೆ ಕೆದಕಿದಳು. ಬೂದಿಯ ಹೊರತು ಏನೂ ಸಿಗಲಿಲ್ಲ.