ಅರ್ಧಕ್ಕೆ ನಿಂತ ಮಾತು

ನವೆಂಬರ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಶುವೈದ್ಯೆ ಡಾ. ವಾಣಿಶ್ರೀ ಶಿಕಾರಿಪುರದ ಗ್ರಾಮಾಂತರ ಠಾಣೆಗೆ ಬಂದರು. ಅವರ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು, ಲಸಿಕೆಯ ಪೆಟ್ಟಿಗೆಯ ಜತೆ ಅಂಬ್ಲಿಗೊಳದ ನಾಲೆಗೆ ಬಿದ್ದಿತ್ತು.

ಇನ್‌ಸ್ಪೆಕ್ಟರ್ ಈಶ್ವರ್ ಕುರ್ಚಿ ತೋರಿಸಿದರು. ಮಹಿಳಾ ಕಾನ್‌ಸ್ಟೆಬಲ್ ಅಶ್ವಿನಿ ನೀರು ತಂದಿಟ್ಟಳು.

"ಯಾರು ಮಾಡಿದ್ದು?"

"ಪುಟ್ಟಪ್ಪ ಅಂತ, ಮಾವಿನಕೊಪ್ಪದವರು. ಪೆಟ್ಟಿಗೆ ಕಿತ್ಕೊಂಡು ನಾಲೆಗೆ ಎಸೆದ್ರು. ಅಡ್ಡ ಹೋದೆ, ತಳ್ಳಿದ್ರು. ಆದ್ರೆ ಸಾರ್, ಅವರನ್ನ ಒಳಗೆ ಹಾಕಿ ಅಂತ ನಾನು ಬಂದಿಲ್ಲ."

"ಮತ್ತೆ?"

ವಾಣಿಶ್ರೀ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಒಂದು ವಿಡಿಯೊ ಹಾಕಿದರು. ಪರದೆಯ ತುಂಬ ಅವರದೇ ಫೋಟೊ. ಕೆಳಗೆ ಕೆಂಪು ಅಕ್ಷರದಲ್ಲಿ 'ಡಾಕ್ಟರ್ ಬಾಯಿಂದಲೇ ಹೊರಬಿದ್ದ ಸತ್ಯ' ಎಂದಿತ್ತು. ಹಿಂದೆಯೇ ಅವರದೇ ದನಿ: 'ಈ ಲಸಿಕೆ ಹಾಕಿಸಿದ್ರೆ ಗಬ್ಬದ ಹಸು ಕಂದು ಹಾಕುತ್ತೆ.' ಗರ್ಭಪಾತವಾಗುತ್ತದೆ ಎಂಬ ಅದೊಂದೇ ಮಾತನ್ನು ಮೂರು ಸಲ ಕೇಳಿಸಿ ವಿಡಿಯೊ ಮುಗಿಯಿತು.

"ದನಿ ನಿಮ್ಮದಾ?"

"ನನ್ನದೇ ಸಾರ್. ಅದೇ ನನ್ನ ಕರ್ಮ."

"ಹೀಗೆ ಹೇಳಿದ್ರಾ?"

"ಕಂದು ಹಾಕುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಧೈರ್ಯವಾಗಿ ಹಾಕಿಸಿ ಅಂದಿದ್ದೆ. 'ಅಂತ' ಅನ್ನೋದರಿಂದ ಮುಂದಕ್ಕೆ ಕತ್ತರಿಸಿ ಬಿಟ್ಟಿದ್ದಾರೆ."

ಅವರು ಪೂರ್ತಿ ಧ್ವನಿಸಂದೇಶವನ್ನು ಕೇಳಿಸಿದರು. ಒಂದು ನಿಮಿಷದ ಮಾತು. ತುಂಬು ಗಬ್ಬದ ದನಗಳನ್ನು ಹಿಡಿದು ಎಳೆದಾಡಬಾರದೆಂದು ಅವಕ್ಕಷ್ಟೇ ಲಸಿಕೆಯನ್ನು ಮುಂದಕ್ಕೆ ಹಾಕುತ್ತೇವೆ, ಉಳಿದವಕ್ಕೆಲ್ಲ ಈಗಲೇ ಹಾಕಿಸಿ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. ಸೊರಬದ ಪಶು ಆಸ್ಪತ್ರೆಯಲ್ಲಿ ವೈದ್ಯರಿಲ್ಲದ ಕಾರಣ ಅದರ ಪ್ರಭಾರವೂ ಅವರ ಮೇಲೆಯೇ ಇತ್ತು. ಆ ಕಡೆ ಎರಡು ಹಳ್ಳಿಗಳಲ್ಲಿ ಆಗಲೇ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು.

"ವಿಡಿಯೊ ಬಂದ ಮೇಲೆ ದಿನಕ್ಕೆ ಹತ್ತು ದನಕ್ಕೆ ಹಾಕಿದ್ರೆ ಹೆಚ್ಚು ಸಾರ್. ಜ್ವರ ಅಷ್ಟು ನಿಧಾನಕ್ಕೆ ಬರಲ್ಲ."

ಸರ್ಕಾರಿ ಕೆಲಸಕ್ಕೆ ಅಡ್ಡಿ ಮತ್ತು ಸುಳ್ಳು ಸುದ್ದಿ ಹರಡಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ದೂರನ್ನು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಹುಚ್ಚರಾಯಪ್ಪ ನಡುವೆ ಪೆನ್ನು ನಿಲ್ಲಿಸಿದರು.

"ಸಾರ್, ಇದು ನಮ್ಮ ಮನೆಯವಳ ಫೋನಿಗೂ ಬಂದಿತ್ತು. ನಮ್ಮ ಎರಡು ಹಸಕ್ಕೂ ಸೂಜಿ ಹಾಕ್ಸಿಲ್ಲ."

"ನೀವೇನು ಮಾಡಿದ್ರಿ?"

"ಹುಷಾರಾಗಿರ್ಲಿ ಅಂತ... ನಮ್ಮ ಅಣ್ತಮ್ಮರ ಗುಂಪಿಗೆ ಕಳಿಸ್ದೆ."

ಈಶ್ವರ್ ಬರೆಯುವುದನ್ನು ಮುಂದುವರಿಸಿ ಎಂದು ಕೈಸನ್ನೆ ಮಾಡಿದರು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ನಾಲೆಯ ತಿರುವಿನಲ್ಲಿ ಜೊಂಡಿಗೆ ಸಿಕ್ಕಿಕೊಂಡಿದ್ದ ಪೆಟ್ಟಿಗೆಯನ್ನು ತೆಗೆಸಿದರು. ಮುಚ್ಚಳ ಒಡೆದು ಐಸು ಕರಗಿ ಹೋಗಿತ್ತು, ಒಳಗಿದ್ದ ಲಸಿಕೆಯಷ್ಟೂ ಹಾಳಾಗಿತ್ತು. ಪುಟ್ಟಪ್ಪ ಓಡಿಹೋಗಿರಲಿಲ್ಲ. ಕೊಟ್ಟಿಗೆಯ ಮುಂದೆ ನಿಂತೇ ಇದ್ದ.

"ಪೆಟ್ಟಿಗೆ ಎಸೆದದ್ದು ನೀನೇ ಏನು?"

"ನಾನೇ ಸ್ವಾಮಿ. ಅವ್ರೇ ಬಾಯಿಬಿಟ್ಟು ಹೇಳ್ಯಾರಲ್ರೀ, ಗಬ್ಬ ಹೋಗ್ತತಿ ಅಂತ. ಹಂಗಂದು ಮತ್ತೆ ಸೂಜಿ ಹಿಡ್ಕಂಡು ಕೊಟ್ಟಿಗೆಗೆ ಬಂದ್ರೆ ಸುಮ್ನಿರಾಕಾಗ್ತತಾ? ನಂದು ನಾಕು ಹಸ, ಮೂರು ಗಬ್ಬ."

ಈಶ್ವರ್ ಪೂರ್ತಿ ಧ್ವನಿಸಂದೇಶವನ್ನು ಅವನಿಗೆ ಕೇಳಿಸಿದರು. ಸುತ್ತ ಹತ್ತಾರು ಜನ ಸೇರಿದ್ದರು. ಪುಟ್ಟಪ್ಪ ಕಿವಿಗೊಟ್ಟು ಕೇಳಿದ.

"ಇದು ಆಮೇಲೆ ಮಾಡಿದ್ದು ಸ್ವಾಮಿ."

"ಯಾವುದು?"

"ಇದೇ. ಗಲಾಟಿ ಆದ ಮ್ಯಾಲೆ ನೀವು ಠಾಣ್ಯಾಗೆ ಕುಂದ್ರಿಸಿ ಹೇಳ್ಸಿರಬೇಕು."

ಜನ ತಲೆಯಾಡಿಸಿದರು. ಈಶ್ವರ್‌ಗೆ ಮೈಯೆಲ್ಲ ಉರಿದುಹೋಯಿತು. ಪುಟ್ಟಪ್ಪನಿಗೆ ವಿಚಾರಣೆಯ ನೋಟಿಸು ಕೊಟ್ಟು ಜೀಪು ಹತ್ತಿದರು.

ವಿಡಿಯೊ ಮೊದಲು ಬಂದದ್ದು 'ಮಲೆಸೀಮೆ ಲೈವ್' ಎಂಬ ಪುಟದಲ್ಲಿ. ಆ ಪುಟದಲ್ಲಿ ಯಾರ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಪುಟ ಯಾರದು ಎಂದು ಕೇಳಿ ಶಿವಮೊಗ್ಗದ ಸೈಬರ್ ಠಾಣೆಯ ಮೂಲಕ ಜಾಲತಾಣದ ಕಂಪನಿಗೆ ಪತ್ರ ಹೋಯಿತು. ನಾಲ್ಕು ದಿನದ ಮೇಲೆ ಉತ್ತರ ಬಂತು: ನಿಮ್ಮ ಕೋರಿಕೆ ತಲುಪಿದೆ, ಪರಿಶೀಲಿಸುತ್ತಿದ್ದೇವೆ. ಎರಡು ದಿನ ಬಿಟ್ಟು ಇನ್ನೊಂದು: ಕೋರಿಕೆ ಸರಿಯಾದ ನಮೂನೆಯಲ್ಲಿಲ್ಲ, ಮತ್ತೆ ಕಳಿಸಿ.

"ಯಾರು ಬರೆದಿರ್ತಾರೆ ಇದನ್ನ? ಮನುಷ್ಯರಾ?" ಎಂದು ಈಶ್ವರ್ ಫೋನಿನಲ್ಲೇ ಕೂಗಿದರು. ಆ ಕಡೆಯಿದ್ದ ಸೈಬರ್ ಠಾಣೆಯವನು, ನನಗೂ ಅವರು ಯಾವತ್ತೂ ಮಾತಿಗೆ ಸಿಕ್ಕಿಲ್ಲ ಸಾರ್ ಎಂದ.

ಅಷ್ಟರಲ್ಲಿ ವಿಡಿಯೊವನ್ನು ಎರಡು ಲಕ್ಷ ಜನ ನೋಡಿದ್ದರು. ದೂರು ದಾಖಲಾದ ಸುದ್ದಿ ತಿಳಿದು 'ಮಲೆಸೀಮೆ ಲೈವ್' ಅದನ್ನು ಅಳಿಸಿತು. ಅಳಿಸಿದ್ದೇ ತಪ್ಪಾಯಿತು. 'ಸರ್ಕಾರ ಮುಚ್ಚಿಹಾಕಿದ ವಿಡಿಯೊ' ಎಂಬ ಹೊಸ ತಲೆಬರಹ ಹೊತ್ತು ಅದು ಬೇರೆ ಪುಟಗಳಲ್ಲಿ ಎದ್ದಿತು. ಜನರಿಗೆ ತಿಳಿಹೇಳಲು ಈಶ್ವರ್ ಠಾಣೆಯ ಪುಟದಲ್ಲಿ ತಾವೇ ಒಂದು ವಿಡಿಯೊ ಹಾಕಿದರು. ನೋಡಿದವರು ಮುನ್ನೂರು ಜನ. ಅದರ ಕೆಳಗೆ ಬಂದ ಮಾತುಗಳಲ್ಲಿ ಹೆಚ್ಚಿನವು ಲಸಿಕೆ ಕಂಪನಿಯಿಂದ ಎಷ್ಟು ದುಡ್ಡು ಬಂತು ಎಂದು ಕೇಳಿದ್ದವು.

ವಾಣಿಶ್ರೀಗೆ ಮೇಲಧಿಕಾರಿಗಳಿಂದ ನೋಟಿಸು ಬಂತು. ಅನುಮತಿಯಿಲ್ಲದೆ ಸಾಮಾಜಿಕ ಜಾಲತಾಣದಲ್ಲಿ ಹೇಳಿಕೆ ಕೊಟ್ಟದ್ದೇಕೆ ಎಂಬುದಕ್ಕೆ ವಿವರಣೆ ಬೇಕಂತೆ.

"ನಾನು ಹೇಳಿಕೆ ಎಲ್ಲಿ ಕೊಟ್ಟೆ ಸಾರ್? ಪ್ರತಿಯೊಂದು ಮನೆಗೂ ಹೋಗಿ ಹೇಳೋಕೆ ಆಗ್ತಿರ್ಲಿಲ್ಲ, ಸೊರಬದ ಪಶುಸಖಿಯರ ಗುಂಪಿಗೆ ಮಾತಾಡಿ ಕಳಿಸಿದೆ. ಹನ್ನೆರಡು ಹೆಣ್ಣುಮಕ್ಕಳು, ನನ್ನ ಜತೆ ಕೆಲಸ ಮಾಡೋರು. ಅಷ್ಟೇ."

ಪಶುಸಖಿಯರೆಂದರೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ದನಕರುಗಳ ಆರೈಕೆ ಹೇಳಿಕೊಡುವವರು. ಅಶ್ವಿನಿ ಹನ್ನೆರಡು ಜನಕ್ಕೂ ಫೋನು ಮಾಡಿದಳು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮುಂದಕ್ಕೆ ಕಳಿಸಿದ್ದರು.

"ಯಾರಿಗೆ ಕಳಿಸಿದ್ರಿ ಹೂವಮ್ಮ?"

"ಎಲ್ಲರಿಗೂ ಕಳಿಸಿದೆ ಮೇಡಂ. ಡಾಕ್ಟರಮ್ಮ ಅಷ್ಟು ಚೆಂದ ಹೇಳಿದಾರಲ್ದ? ಸಂಘದ ಗುಂಪು, ಡೈರಿ ಗುಂಪು, ತವರುಮನೆ ಗುಂಪು... ಸುದ್ದಿ ಬರಿಯೋರ ಗುಂಪಿಗೂ ಕಳಿಸಿದೆ, ನಾಕು ಜನಕ್ಕೆ ತಿಳೀಲಿ ಅಂತ. ಎಂತಕ್ಕೆ, ತಪ್ಪಾಯ್ತ?"

ಸೊರಬದಲ್ಲಿ ಸುದ್ದಿಯ ಪುಟ ನಡೆಸುವವರು ಹದಿನೈದು ಜನರಿದ್ದರು. ಯಾರೂ ಒಪ್ಪಿಕೊಳ್ಳಲಿಲ್ಲ. ತನಿಖೆ ಅಲ್ಲಿಗೆ ನಿಂತಿತು.

ದೂರು ದಾಖಲಾದ ಮರುವಾರದ ಗುರುವಾರ ಪುಟ್ಟಪ್ಪ ಠಾಣೆಗೆ ಫೋನು ಮಾಡಿದ.

"ಸ್ವಾಮಿ, ಡಾಕ್ಟರಮ್ಮನ ನಂಬರು ಕೊಡ್ರಿ. ಹಸ ಜೊಲ್ಲು ಸುರಿಸ್ತತಿ, ಕಾಲು ಊರಂಗಿಲ್ಲ."

ವಾಣಿಶ್ರೀ ಹೋದರು. ಅವರ ಜತೆ ಅಶ್ವಿನಿಯನ್ನೂ ಕಳಿಸಲಾಗಿತ್ತು. ಎಳೆಗರು ಬೆಳಿಗ್ಗೆಯೇ ಸತ್ತಿತ್ತು. ಗಬ್ಬದ ಹಸುವೊಂದು ಜ್ವರದ ತಾಪಕ್ಕೆ ಕಂದು ಹಾಕಿತ್ತು. ವಾಣಿಶ್ರೀ ಹಸುಗಳ ಬಾಯಿ ತೊಳೆದು, ಗೊರಸಿಗೆ ಔಷಧಿ ಹಚ್ಚಿ, ಆರೋಗ್ಯವಾಗಿದ್ದ ಒಂದನ್ನು ಬೇರೆಡೆ ಕಟ್ಟಿಸಿದರು. ಪುಟ್ಟಪ್ಪ ಬಿಸಿನೀರು ತಂದುಕೊಡುತ್ತ ಹಿಂದೆ ಹಿಂದೆಯೇ ಓಡಾಡಿದ. ಬೇಲಿಯಾಚೆಯಿಂದ ಪಕ್ಕದ ಮನೆಯಾತ ಯಾರಿಗೋ ಹೇಳುತ್ತಿದ್ದ: "ನಾ ಹೇಳಿರ್ಲಿಲ್ಲೇನು, ಕಂದು ಹಾಕ್ತತಿ ಅಂತ?"

"ಈ ಹಸಕ್ಕೆ ಲಸಿಕೆ ಹಾಕೇ ಇಲ್ಲ ಕಣ್ರೀ!" ಎಂದು ವಾಣಿಶ್ರೀ ಚೀರಿದರು. ಆತ ಕೇಳಿಸಿಕೊಳ್ಳದವನಂತೆ ಒಳಗೆ ಹೋದ.

ಮರಳಿ ಬರುವಾಗ ಜೀಪಿನಲ್ಲಿ ಅವರು ಅತ್ತರು. ಅಶ್ವಿನಿ ವಿಡಿಯೊವನ್ನು ಮತ್ತೆ ನೋಡುತ್ತ ಕುಳಿತಳು. ಇಷ್ಟು ದಿನ ಎಲ್ಲರೂ ದನಿಯ ಹಿಂದೆಯೇ ಬಿದ್ದಿದ್ದರು.

"ಮೇಡಂ, ಈ ಫೋಟೊ ಯಾವುದು?"

"ಯಾವ್ದೋ ಶಿಬಿರದ್ದು. ಸೊರಬದ್ದೇ ಇರಬೇಕು, ನಾಲ್ಕೈದು ವರ್ಷದ ಹಿಂದಿನದು."

"ನೀವು ಎಲ್ಲಾದ್ರೂ ಹಾಕಿದ್ರಾ?"

"ನನ್ನ ಹತ್ರ ಇದ್ದರಲ್ವ ಹಾಕೋದು? ಪೇಪರಲ್ಲಿ ಬಂದಿತ್ತು. ಆ ತುಂಡನ್ನ ಅಲ್ಲಿನ ಆಸ್ಪತ್ರೆ ಗೋಡೆಗೆ ಅಂಟಿಸಿದೀವಿ."

ಮರುದಿನ ಈಶ್ವರ್ ಮತ್ತು ಅಶ್ವಿನಿ ಸೊರಬದ ಪಶು ಆಸ್ಪತ್ರೆಗೆ ಹೋದರು. ಗೋಡೆಯ ಮೇಲಿದ್ದ ಪತ್ರಿಕೆಯ ತುಂಡಿನಲ್ಲಿ ವಾಣಿಶ್ರೀ ಕರುವಿನ ಕೊರಳು ಹಿಡಿದು ನಿಂತಿದ್ದರು, ಚಿತ್ರ ಅಲ್ಲಿಗೇ ಮುಗಿದಿತ್ತು. ವಿಡಿಯೊದಲ್ಲಿದ್ದ ಚಿತ್ರ ಅದೇ, ಆದರೆ ಇನ್ನೂ ಅಗಲವಾಗಿತ್ತು. ಎಡಬದಿಗೆ ಹಗ್ಗ ಹಿಡಿದ ಮುದುಕಿಯೊಬ್ಬಳು, ಅವಳ ಹಿಂದೆ ಶಾಮಿಯಾನದ ಕಂಬ. ಪತ್ರಿಕೆಯವರು ಕತ್ತರಿಸಿ ಬಿಟ್ಟಿದ್ದ ಭಾಗ ವಿಡಿಯೊ ಮಾಡಿದವನ ಬಳಿ ಇತ್ತು. ಅದು ಇರಬಹುದಾದದ್ದು ಫೋಟೊ ತೆಗೆದವನ ಬಳಿ ಮಾತ್ರ.

ತುಂಡಿನ ಅಡಿಯಲ್ಲಿ ಹೆಸರಿತ್ತು: ಚಿತ್ರ, ವರದಿ – ಸುರೇಂದ್ರ.

ಸುರೇಂದ್ರನನ್ನು ಸೊರಬದಲ್ಲಿ ಎಲ್ಲರೂ ಬಲ್ಲರು. ಹದಿನೆಂಟು ವರ್ಷ ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿದ್ದವನು. ಎರಡು ವರ್ಷದ ಹಿಂದೆ ಆ ಪತ್ರಿಕೆ ತಾಲ್ಲೂಕು ಸುದ್ದಿಗಳನ್ನೇ ನಿಲ್ಲಿಸಿತ್ತು. ಆಮೇಲೆ ತನ್ನ ಹೆಸರಿನಲ್ಲೇ ಸುದ್ದಿಪುಟವೊಂದನ್ನು ತೆರೆದಿದ್ದ. ಹಿಂದಿನ ವಾರ ಹದಿನೈದು ಜನರನ್ನು ವಿಚಾರಿಸಿದಾಗ ಅವನನ್ನೂ ಕೇಳಲಾಗಿತ್ತು. ಇಂಥದ್ದನ್ನೆಲ್ಲ ಓದುಬರಹ ಇಲ್ಲದವರು ಮಾಡ್ತಾರೆ ಸಾರ್ ಎಂದು ಬೇಸರದಿಂದ ಹೇಳಿ ಎಲ್ಲರಿಗೂ ಚಹಾ ಕುಡಿಸಿದ್ದ.

ಸೊರಬ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಮಧ್ಯಾಹ್ನ ಎರಡೂವರೆಗೆ ಬಸ್‌ ನಿಲ್ದಾಣದ ಎದುರಿನ ಕಟ್ಟಡದ ಮಹಡಿ ಹತ್ತಿದರು. ಸುರೇಂದ್ರ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ.

ಈಶ್ವರ್ ಎರಡೂ ಚಿತ್ರಗಳನ್ನು ಅವನ ಮುಂದಿಟ್ಟರು.

"ಇದು ನೀವು ತೆಗೆದದ್ದಾ?"

"ಹೌದು ಸಾರ್."

"ಈ ಅಗಲದ್ದು ಬೇರೆ ಯಾರ ಹತ್ರ ಇದೆ?"

ಸುರೇಂದ್ರ ಚಿತ್ರವನ್ನು ಎತ್ತಿ ನೋಡಿ ಮತ್ತೆ ಮೇಜಿನ ಮೇಲಿಟ್ಟ.

"ಮಲೆಸೀಮೆ ಲೈವ್ ಯಾರದ್ದು?"

"ಸಾರ್, ಅದರಲ್ಲಿರೋದು ಡಾಕ್ಟರದ್ದೇ ದನಿ. ನಾನು ಒಂದು ಶಬ್ದವನ್ನೂ ಸೇರಿಸಿಲ್ಲ."

"ತೆಗೆದಿದ್ದೀರಿ."

ಪಂಚರ ಸಮಕ್ಷಮ ಕಂಪ್ಯೂಟರು ಮತ್ತು ಫೋನನ್ನು ಜಪ್ತಿ ಮಾಡಿ ಪಂಚನಾಮೆ ಬರೆದರು. ಹೂವಮ್ಮ ಕಳಿಸಿದ್ದ ಪೂರ್ತಿ ಧ್ವನಿಸಂದೇಶ ಅವನ ಫೋನಿನಲ್ಲೇ ಇತ್ತು. ಅದರ ಜತೆಗೆ, ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯೂ ಸಿಕ್ಕಿತು. ಸುಳ್ಳು ವಿಡಿಯೊ ಹೊರಬೀಳುವ ಹಿಂದಿನ ದಿನ ಸುರೇಂದ್ರ ತನ್ನ ಹೆಸರಿನ ಪುಟದಲ್ಲಿ 'ಲಸಿಕೆಯಿಂದ ಗಬ್ಬಕ್ಕೆ ಅಪಾಯವಿಲ್ಲ: ವೈದ್ಯೆ' ಎಂಬ ವರದಿ ಹಾಕಿದ್ದ. ಪೂರ್ತಿ ಮಾತು, ಅಂಕಿಅಂಶ, ಯಾವ ಹಳ್ಳಿಗೆ ಯಾವತ್ತು ಬರುತ್ತಾರೆಂಬ ವಿವರ, ಎಲ್ಲವೂ ಸರಿಯಾಗಿತ್ತು. ಅದನ್ನು ನೋಡಿದವರು ನಲವತ್ತು ಜನರೂ ಇರಲಿಲ್ಲ.

ಈಶ್ವರ್‌ಗೆ ಸಿಟ್ಟು ನೆತ್ತಿಗೇರಿತು. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಸತ್ಯ ಗೊತ್ತಿತ್ತಲ್ರೀ ನಿಮಗೆ. ನೀವೇ ಬರೆದಿದ್ರಿ!"

"ಗೊತ್ತಿತ್ತು ಸಾರ್."

ಸಂಜೆ ನಾಲ್ಕೂಕಾಲಿಗೆ ಅವನನ್ನು ಬಂಧಿಸಿ, ಹೆಂಡತಿ ರಮ್ಯಳಿಗೆ ಫೋನಿನಲ್ಲಿ ತಿಳಿಸಲಾಯಿತು. ಆಕೆಗೆ ಆಗಲೇ ಗೊತ್ತಾಗಿತ್ತು. ಜೀಪು ಹತ್ತಿಸುವುದನ್ನು ಯಾರೋ ಬಸ್‌ ನಿಲ್ದಾಣದಿಂದ ವಿಡಿಯೊ ಮಾಡಿ ಹಾಕಿದ್ದರು.

ಶಿಕಾರಿಪುರದ ಠಾಣೆಯಲ್ಲಿ ಈಶ್ವರ್ ಒಂದೇ ಪ್ರಶ್ನೆ ಕೇಳಿದರು.

"ಯಾಕೆ?"

ಸುರೇಂದ್ರ ನೆಲ ನೋಡುತ್ತ ಮಾತಾಡಿದ. "ಮೊದ್ಲೆಲ್ಲ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದ್ರೆ ನಾಕು ಜನ ನಿಲ್ಲಿಸಿ ಕೇಳೋರು ಸಾರ್, ಅದನ್ನ ಬರೀರಿ ಸುರೇಂದ್ರಣ್ಣ, ಇದನ್ನ ಬರೀರಿ ಅಂತ. ಎರಡು ವರ್ಷದಿಂದ ಒಬ್ರೂ ಕೇಳಿಲ್ಲ. ಬರೆದದ್ದನ್ನ ಮನೆಯವಳೂ ಓದಲ್ಲ. ಆವತ್ತು ಆ ವರದಿಗೆ ಇಡೀ ದಿನ ಕೂತಿದ್ದೆ. ಸಾಯಂಕಾಲ ಎಷ್ಟು ಜನ ನೋಡಿದ್ರು ಅಂತ ನೋಡಿ ತಲೆ ಕೆಟ್ಟೋಯ್ತು. ಹಿಂಗೆ ಕೊಟ್ರೆ ನೋಡ್ತೀರಾ ನೋಡಣ ಅಂತ ಕತ್ತರಿಸಿದೆ. ಹೆಸರು ಹಾಕೋಕೆ ನಾಚಿಕೆ ಆಯ್ತು, ಬೇರೆ ಪುಟ ಮಾಡ್ದೆ."

"ಆಮೇಲೆ?"

"ಬೆಳಿಗ್ಗೆ ಚಹದಂಗಡೀಲಿ ಎಲ್ಲರ ಫೋನಲ್ಲೂ ಅದೇ ಸಾರ್. ಒಬ್ಬನಿಗೂ ನಂದು ಅಂತ ಗೊತ್ತಿಲ್ಲ. ಎರಡು ಲೋಟ ಚಹ ಕುಡೀತ ಅಲ್ಲೇ ನಿಂತು ಕೇಳ್ದೆ."

"ಡಾಕ್ಟರ್ ದೂರು ಕೊಟ್ಟದ್ದು ಗೊತ್ತಾದ ಮೇಲೆ?"

"ತೆಗೆದೆ. ಆಗ ಅದು ನನ್ನ ಕೈಲಿರ್ಲಿಲ್ಲ."

ಅಶ್ವಿನಿ ಸ್ವಇಚ್ಛಾ ಹೇಳಿಕೆಯನ್ನು ಬರೆದು, ಓದಿ ಹೇಳಿ, ಸಹಿಗಾಗಿ ಅವನ ಮುಂದಿಟ್ಟಳು. ಅವನು ತಾನೇ ಇನ್ನೊಮ್ಮೆ ಓದಿದ. ಸಾಲುಗಳ ಕೆಳಗೆ ಬೆರಳಾಡಿಸುತ್ತ ನಿಧಾನವಾಗಿ, ಹಳೆಯ ಅಭ್ಯಾಸದಿಂದ ಓದಿದ. ಎರಡನೇ ಪುಟದ ನಡುವೆ ಬೆರಳು ನಿಂತಿತು.

"ಏನು, ಹೇಳಿದ್ದು ಬಿಟ್ಟುಹೋಗಿದೆಯಾ?" ಎಂದು ಈಶ್ವರ್ ಕೇಳಿದರು.

"ಇಲ್ಲ ಸಾರ್. 'ಉದ್ಧೇಶಪೂರ್ವಕವಾಗಿ' ಅಂತಿದೆ. ಈ ದಕಾರಕ್ಕೆ ಹೊಟ್ಟೆ ಸೀಳಬಾರದು, ಮೇಡಂ."

ಅಶ್ವಿನಿ ಇನ್‌ಸ್ಪೆಕ್ಟರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಸುರೇಂದ್ರ ಆ ಪದವನ್ನು ನೀಟಾಗಿ ಹೊಡೆದು, ಮೇಲೆ 'ಉದ್ದೇಶಪೂರ್ವಕವಾಗಿ' ಎಂದು ದುಂಡಗೆ ಬರೆದ. ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಕೊನೆಗೆ ಪೂರ್ತಿ ಹೆಸರು ಬರೆದ.